ಕೊಳ್ಳುವ ಸೇರು, ಕೊಡುವ ಸೇರು

ಒಂದು ಸಮುದಾಯ ತನ್ನ ಕೈಯಿಂದ ಹಣ ಹಾಕಿ, ಜಾಗ ಹುಡುಕಿ, ಒಂದು ಶಾಲೆ ಕಟ್ಟುತ್ತದೆ. ಆ ಶಾಲೆಯ ಬಾಗಿಲಲ್ಲಿ ನಿಂತು ಯಾವ ಮಗು ಒಳಗೆ ಬರಬೇಕು, ಯಾವುದು ಹೊರಗಿರಬೇಕು ಎಂದು ಹೇಳುವ ಅಧಿಕಾರ ಆ ಸಮುದಾಯಕ್ಕೆ ಇದೆಯೇ? ಇದೆ ಎಂದಾದರೆ ಅದಕ್ಕೆ ಎಲ್ಲೆ ಯಾವುದು? ಹೊರಗುಳಿದವರು ಇನ್ನೊಂದು ಅಲ್ಪಸಂಖ್ಯಾತ ಸಮುದಾಯದವರಾದರೆ ಅವರು ಈ ಬಗ್ಗೆ ತಕರಾರು ಎತ್ತಬಹುದೇ? ಎತ್ತುವುದಾದರೆ ಯಾವ ಮುಖ ಇಟ್ಟುಕೊಂಡು?

ಇದು ವಕೀಲರಿಗೆ ಬಿಟ್ಟು ನಾವು ಕೈತೊಳೆದುಕೊಳ್ಳುವ ಪ್ರಶ್ನೆಯಲ್ಲ. ಪ್ರತಿ ವರ್ಷ ಶಾಲೆಗೆ ಸೇರಿಸುವ ಕಾಲ ಬಂದಾಗ ನಮ್ಮ ಮೊಹಲ್ಲಾಗಳಲ್ಲಿ ಒಂದು ಮಾತು ಓಡಾಡುತ್ತದೆ. ‘ಕಾನ್ವೆಂಟಿನವರು ನಮ್ಮ ಮಕ್ಕಳಿಗೆ ಸೀಟು ಕೊಡುವುದಿಲ್ಲ’ ಎಂಬ ಮಾತು. ಮಗ್ರಿಬ್ ನಮಾಜಿನ ನಂತರ ಮಸೀದಿಯ ಮುಂದಿನ ಟೀ ಅಂಗಡಿಯಲ್ಲಿ ಅದು ಒಂದಷ್ಟು ಹೊತ್ತು ಬಿಸಿಯಾಗಿರುತ್ತದೆ. ಜೂನ್ ತಿಂಗಳು ಬಂದು ಮಕ್ಕಳು ಎಲ್ಲೋ ಒಂದು ಕಡೆ ಸೇರಿಕೊಂಡ ಮೇಲೆ ಆರಿ ಹೋಗುತ್ತದೆ. ಮುಂದಿನ ವರ್ಷ ಅದೇ ಮಾತು, ಅದೇ ಟೀ. ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಅನುಮಾನ ಎಂದು ಯಾರೂ ಬಿಡಿಸಿ ನೋಡಿಲ್ಲ. ನೋಡಿದರೆ ನಮಗೂ ಕೆಲವು ಕಹಿ ಸಂಗತಿಗಳು ಎದುರಾಗುತ್ತವೆ ಎಂಬ ಅಂಜಿಕೆಯೂ ಅದಕ್ಕೆ ಕಾರಣವಿರಬಹುದು.

ನಂಜನಗೂಡು ತಾಲ್ಲೂಕಿನಲ್ಲಿ ಚಿಕ್ಕಯ್ಯನಛತ್ರ ಎಂಬ ಹೋಬಳಿ ಇದೆ. ಒಂದು ಕಡೆಗೆ ನಂಜನಗೂಡು, ಇನ್ನೊಂದು ಕಡೆಗೆ ತಿ. ನರಸೀಪುರ. ನಂಜನಗೂಡಿನ ದೇವರಿಗೆ ಹಕೀಮ್ ನಂಜುಂಡ ಎಂಬ ಹೆಸರು ಬಂದ ಕತೆ ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಟಿಪ್ಪು ಸುಲ್ತಾನರ ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿ ವಾಸಿಯಾಯಿತು, ಅದಕ್ಕಾಗಿ ಸುಲ್ತಾನರು ಪಚ್ಚೆಯ ಲಿಂಗವನ್ನು ಒಪ್ಪಿಸಿದರು ಎಂದು ಜನ ಹೇಳುತ್ತಾರೆ. ಆನೆ ಯಾರದು ಎಂದು ಹಕೀಮ ಕೇಳಲಿಲ್ಲ ಎಂಬುದೇ ಆ ಕತೆಯ ಸೊಗಸು. ಇನ್ನು ಛತ್ರ. ದಾರಿಹೋಕನಿಗೆ ನೆರಳು, ನೀರು, ಒಂದು ತುತ್ತು ಅನ್ನ ಕೊಡುವ ಜಾಗಕ್ಕೆ ನಾವು ಛತ್ರ ಎನ್ನುತ್ತೇವೆ. ಆದರೆ ಹಳೆಯ ಮೈಸೂರಿನ ಎಷ್ಟೋ ಛತ್ರಗಳಲ್ಲಿ ಪಂಕ್ತಿಭೇದ ಇತ್ತು ಎಂಬುದನ್ನೂ ಮರೆಯುವಂತಿಲ್ಲ. ಒಳಗೆ ಕೂತು ಉಣ್ಣುವವರು ಬೇರೆ, ಹೊರಗೆ ಕೈಯೊಡ್ಡುವವರು ಬೇರೆ. ದಾನ ಮಾಡಿದವನ ಮನಸ್ಸು ದೊಡ್ಡದೇ ಇದ್ದೀತು. ಬಾಗಿಲು ಕಾಯುವವನು ಮಾತ್ರ ಬಂದವನ ಮೈಮೇಲಿನ ಬಟ್ಟೆ ನೋಡುತ್ತಿದ್ದ.

ಇಂದು ಈ ಹೋಬಳಿಯ ತಾಂಡವಪುರ, ಇಮ್ಮಾವುಗಳ ಸುತ್ತಮುತ್ತ ಕಾರ್ಖಾನೆಗಳು ಎದ್ದಿವೆ. ಹೊಲ ಬಿಟ್ಟವರು, ಕೂಲಿಗೆ ಬಂದವರು, ಗುತ್ತಿಗೆ ಕೆಲಸದವರು, ಎಲ್ಲರ ಮನೆಯಲ್ಲೂ ಮಕ್ಕಳಿದ್ದಾರೆ. ಆ ಮಕ್ಕಳೆಲ್ಲರ ಅಪ್ಪ ಅಮ್ಮಂದಿರಿಗೂ ಇಂಗ್ಲಿಷ್ ಶಾಲೆಯ ಕನಸು ಇದೆ. ಅಂಥ ಒಬ್ಬ ತಂದೆ ನಮಗೆ ಪರಿಚಯ. ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸ. ಮಗಳು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ್ದಳು, ಓದಿನಲ್ಲಿ ಚುರುಕು. ಆಕೆಯನ್ನು ಎಂಟಕ್ಕೆ ಸೇರಿಸಲು ಪಟ್ಟಣದ ಒಂದು ಕ್ಯಾಥೊಲಿಕ್ ಪ್ರೌಢಶಾಲೆಗೆ ಹೋದರು. ಅರ್ಜಿ ಪೂರಾ ಇಂಗ್ಲಿಷಿನಲ್ಲಿ. ಅದರಲ್ಲಿ ತಂದೆಯ ವಿದ್ಯಾರ್ಹತೆ, ತಾಯಿಯ ವಿದ್ಯಾರ್ಹತೆ, ಉದ್ಯೋಗ, ವರಮಾನ ಇವೆಲ್ಲಕ್ಕೂ ಒಂದೊಂದು ಕಲಮು. ಆಮೇಲೆ ತಂದೆತಾಯಿ ಇಬ್ಬರಿಗೂ ‘ಇಂಟರ್‌ವ್ಯೂ’. ತಾಯಿಗೆ ಬರುವುದು ದಖ್ಖನಿ ಉರ್ದು ಮತ್ತು ಸ್ವಲ್ಪ ಕನ್ನಡ. ಕೇಳಿದ ಪ್ರಶ್ನೆಗೆ ಅವರು ಕನ್ನಡದಲ್ಲಿ ಉತ್ತರ ಕೊಟ್ಟರು. ಸೀಟು ಭರ್ತಿಯಾಗಿದೆ ಎಂದು ಹೇಳಿ ಕಳಿಸಿದರು. ಕಾರಣ ಬರೆದು ಕೊಡಿ ಎಂದು ಕೇಳುವುದಿರಲಿ, ಹಾಗೆ ಕೇಳಬಹುದು ಎಂಬುದೂ ಅವರಿಗೆ ಹೊಳೆಯಲಿಲ್ಲ.

ಮೊಹಲ್ಲಾದಲ್ಲಿ ಇದು ಸಹಜವಾಗಿಯೇ ‘ಮುಸ್ಲಿಮರಿಗೆ ಸೀಟಿಲ್ಲ’ ಎಂದಾಯಿತು. ಆದರೆ ಆ ತಂದೆ ನಮಗೆ ಹೇಳಿದ್ದೇ ಬೇರೆ. “ನನ್ನ ಹೆಸರು ನೋಡಿ ಬ್ಯಾಡ ಅಂದ್ರು ಅಂತಾರೆ ನಮ್ಮೋರು. ನಂಗೆ ಹಂಗನ್ನಿಸ್ಲಿಲ್ಲ ಭಾಯಿ. ಅವರು ಹೆಸರು ನೋಡ್ಲಿಲ್ಲ, ಚಪ್ಪಲಿ ನೋಡಿದ್ರು. ನಮ್ಮ ಪಕ್ಕದಲ್ಲೇ ಬೆಂಚಿನ ಮ್ಯಾಲೆ ಒಬ್ಬಮ್ಮ ಕೂತಿದ್ರು, ಕೊರಳಾಗೆ ಶಿಲುಬೆ ಇತ್ತು. ಯಾರದೋ ಮನೇಲಿ ಅಡುಗೆ ಮಾಡ್ತಾರಂತೆ. ಅವರ ಹುಡುಗನ್ಗೂ ಅದೇ ಮಾತು ಹೇಳಿದ್ರು.”

ಆ ಬೆಂಚನ್ನು ನಾವು ಬಹಳ ಸಲ ನೆನೆದುಕೊಂಡಿದ್ದೇವೆ. ಅನ್ಯಾಯ ಎಲ್ಲಿದೆ ಎಂಬುದನ್ನು ಅದು ಯಾವ ಭಾಷಣಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಕ್ಯಾಥೊಲಿಕ್ ಶಾಲೆ ಕ್ಯಾಥೊಲಿಕ್ ಮಗುವಿಗೆ ಮೊದಲ ಆದ್ಯತೆ ಕೊಟ್ಟರೆ ಅದು ಅನ್ಯಾಯವಲ್ಲ. ನಮ್ಮ ಶಾಲೆಯಲ್ಲಿ ನಾವು ನಮ್ಮ ಯತೀಮ್ ಮಕ್ಕಳಿಗೆ ಮೊದಲ ಜಾಗ ಕೊಡುತ್ತೇವೆ, ಕೊಡಬೇಕು. ಸಮುದಾಯದ ಶಾಲೆ ಎಂಬ ಮಾತಿಗೆ ಅರ್ಥವೇ ಅದು. ಆದರೆ ಸಮುದಾಯದ ಹೆಸರಿನಲ್ಲಿ ಪಡೆದ ಹಕ್ಕನ್ನು ಹಿಡಿದು, ಆ ಸಮುದಾಯದ್ದೇ ಅಡುಗೆಯಾಕೆಯ ಮಗನನ್ನು ಹೊರಗೆ ಕೂರಿಸಿ, ಇಂಗ್ಲಿಷ್ ಬಲ್ಲ ಯಾವುದೋ ಧರ್ಮದ ಡಾಕ್ಟರರ, ಎಂಜಿನಿಯರರ ಮಕ್ಕಳನ್ನು ಒಳಗೆ ಕರೆದುಕೊಂಡರೆ ಆ ಹಕ್ಕು ಏನಾಯಿತು? ಧರ್ಮದ ಬೇಲಿಯೊಳಗೆ ಹಣದ ಬೆಳೆ ಬೆಳೆದಂತಾಯಿತು.

ಕಾನೂನು ಈ ವಿಚಾರದಲ್ಲಿ ನಡೆದು ಬಂದ ದಾರಿ ಓದುಗರಿಗೆ ಸ್ವಲ್ಪ ಗೊತ್ತಿರಬೇಕು. ಸಂವಿಧಾನದ 30(1)ನೇ ವಿಧಿ ಧಾರ್ಮಿಕ ಹಾಗೂ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಅದರ ಹಿಂದೆಯೇ ಇರುವ 29(2)ನೇ ವಿಧಿ, ಸರ್ಕಾರದ ನೆರವು ಪಡೆಯುವ ಸಂಸ್ಥೆ ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣವೊಂದಕ್ಕಾಗಿಯೇ ಯಾರಿಗೂ ಪ್ರವೇಶ ನಿರಾಕರಿಸಬಾರದು ಎನ್ನುತ್ತದೆ. ಈ ಎರಡು ವಿಧಿಗಳ ನಡುವಿನ ಎಳೆದಾಟವನ್ನು ಬಗೆಹರಿಸಲು ಹನ್ನೊಂದು ನ್ಯಾಯಮೂರ್ತಿಗಳು ಕೂರಬೇಕಾಯಿತು. ಆ ಪ್ರಕರಣ ನಮ್ಮ ರಾಜ್ಯದ್ದೇ. ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಆ ವ್ಯಾಜ್ಯದ ತೀರ್ಪು 2002ರ ಅಕ್ಟೋಬರ್ 31ರಂದು ಬಂತು. ಅನುದಾನಿತ ಅಲ್ಪಸಂಖ್ಯಾತ ಸಂಸ್ಥೆ ಹೊರಗಿನವರನ್ನೂ ತಕ್ಕ ಪ್ರಮಾಣದಲ್ಲಿ ಸೇರಿಸಿಕೊಳ್ಳಬೇಕು, ಅನುದಾನರಹಿತ ಸಂಸ್ಥೆಗೆ ಹೆಚ್ಚಿನ ಸ್ವಾತಂತ್ರ್ಯ ಇದ್ದರೂ ಅದರ ಪ್ರವೇಶದ ಕ್ರಮ ಪಾರದರ್ಶಕವಾಗಿರಬೇಕು ಎಂದು ಅದರ ಸಾರ.

ಆಮೇಲೆ ಬಂದದ್ದು 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ. ಖಾಸಗಿ ಶಾಲೆಗಳಲ್ಲಿ ಬಡವರ ಮಕ್ಕಳಿಗೆ 25 ಶೇಕಡಾ ಸೀಟು ಎಂಬುದನ್ನೇ ಎಲ್ಲರೂ ದೊಡ್ಡದಾಗಿ ಮಾತಾಡಿದರು. ನಮ್ಮ ಪ್ರಕಾರ ಅದರ 13ನೇ ಕಲಮು ಇನ್ನೂ ದೊಡ್ಡದು. ಮಗುವನ್ನು ಸೇರಿಸಿಕೊಳ್ಳುವಾಗ ಡೊನೇಷನ್ ಕೇಳಬಾರದು, ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜರಡಿ ಹಿಡಿಯಬಾರದು ಎಂದು ಅದು ಹೇಳುತ್ತದೆ. ಜರಡಿ ಹಿಡಿದರೆ ಮೊದಲ ಸಲಕ್ಕೆ 25 ಸಾವಿರ ರೂಪಾಯಿವರೆಗೆ ದಂಡ, ಆಮೇಲಿನ ಪ್ರತಿ ಸಲಕ್ಕೆ 50 ಸಾವಿರದವರೆಗೆ. ಆದರೆ 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದೇ ಇಲ್ಲ ಎಂದಿತು. ಅನುದಾನಿತವಾಗಲಿ, ಅನುದಾನರಹಿತವಾಗಲಿ. 25 ಶೇಕಡಾದ ಜೊತೆಗೆ ಜರಡಿ ಹಿಡಿಯಬಾರದು ಎಂಬ ಕಲಮೂ ಹೋಯಿತು. ಮಗುವಿನ ತಾಯಿಗೆ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳುವುದಕ್ಕೂ ಯೇಸುವಿನ ಇಲ್ಲವೇ ಪ್ರವಾದಿಯವರ(ಸ) ಬೋಧನೆಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಶುರುವಾಗುವುದು ಎಂಟನೇ ತರಗತಿಯಿಂದ. ಆ ಕಾಯ್ದೆಯ ನೆರಳು ಮುಗಿಯುವುದೂ ಎಂಟಕ್ಕೇ. ಹಾಗಾಗಿ ಚಿಕ್ಕಯ್ಯನಛತ್ರದ ಹುಡುಗಿಯೊಬ್ಬಳು ಹಳ್ಳಿಯ ಶಾಲೆ ಮುಗಿಸಿ ಪಟ್ಟಣದ ಪ್ರೌಢಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಯಾವ ಶಾಲೆಯೇ ಇರಲಿ, ಆ ನೆರಳು ಒಂದು ವರ್ಷದಷ್ಟೇ ಉಳಿದಿರುತ್ತದೆ. ಅಲ್ಪಸಂಖ್ಯಾತ ಶಾಲೆಯಾದರೆ ಅದೂ ಇಲ್ಲ. 2019ರ ಆರಂಭದಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ 25 ಶೇಕಡಾ ಕೊಡಬೇಕಿಲ್ಲ ಎಂದ ಮೇಲೆ ಉಳಿದವರೂ ಬಹುತೇಕ ನಿರಾಳರಾದರು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪ್ರಮತಿ ತೀರ್ಪು ಸರಿಯೇ ಎಂದು ಸಂಶಯ ಎತ್ತಿ, ವಿಸ್ತೃತ ಪೀಠ ಅದನ್ನು ನೋಡಬೇಕೇ ಎಂಬ ಪ್ರಶ್ನೆಯನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟರು. ನಮ್ಮ ಸಂಘಟನೆಗಳಲ್ಲಿ ಆಗ ಹುಟ್ಟಿದ್ದು ಗಾಬರಿ. ನಮ್ಮ ಹಕ್ಕಿಗೆ ಕೈ ಹಾಕುತ್ತಿದ್ದಾರೆ ಎಂಬ ಗಾಬರಿ ಸುಳ್ಳಲ್ಲ. ಆದರೆ ಆ ಹಕ್ಕನ್ನು ಹತ್ತು ವರ್ಷ ನಾವು ಯಾವುದಕ್ಕೆ ಬಳಸಿದೆವು ಎಂಬ ಲೆಕ್ಕವನ್ನು ಯಾರೂ ತೆಗೆಯಲಿಲ್ಲ.

ಲೆಕ್ಕ ಬೇರೆಯವರು ತೆಗೆದಿದ್ದಾರೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2021ರಲ್ಲಿ ಒಂದು ವರದಿ ಪ್ರಕಟಿಸಿತು. ಆ ಆಯೋಗದ ಉದ್ದೇಶದ ಬಗ್ಗೆ ನಮಗೆ ಸಂಶಯಗಳಿವೆ, ಕ್ರೈಸ್ತ ಸಂಘಟನೆಗಳೂ ಅದನ್ನು ಕಟುವಾಗಿ ಟೀಕಿಸಿವೆ. ಆದರೂ ಅಂಕಿ ಅಂಕಿಯೇ. ಧಾರ್ಮಿಕ ಅಲ್ಪಸಂಖ್ಯಾತರಲ್ಲಿ ಕ್ರೈಸ್ತರು 11.54 ಶೇಕಡಾ, ಅಲ್ಪಸಂಖ್ಯಾತ ಶಾಲೆಗಳಲ್ಲಿ ಅವರವು 71.96 ಶೇಕಡಾ. ಮುಸ್ಲಿಮರು 69.18 ಶೇಕಡಾ, ಶಾಲೆಗಳು 22.75 ಶೇಕಡಾ. ಕ್ರೈಸ್ತ ಶಾಲೆಗಳಲ್ಲಿ ಓದುವವರಲ್ಲಿ 74 ಶೇಕಡಾ ಕ್ರೈಸ್ತೇತರರು. ಅಂದರೆ ‘ಕಾನ್ವೆಂಟಿನವರು ಬೇರೆ ಧರ್ಮದವರನ್ನು ಸೇರಿಸುವುದಿಲ್ಲ’ ಎಂಬ ಟೀ ಅಂಗಡಿಯ ಮಾತು ನಿಲ್ಲುವುದಿಲ್ಲ. ಆದರೆ ಅದೇ ವರದಿಯ ಇನ್ನೊಂದು ಅಂಕಿ ನೋಡಿ. ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನೂ ಸೇರಿಸಿದರೆ, ಸಾಮಾಜಿಕವಾಗಿ ಆರ್ಥಿಕವಾಗಿ ಹಿಂದುಳಿದ ಮನೆಗಳಿಂದ ಬಂದ ಮಕ್ಕಳು 8.76 ಶೇಕಡಾ ಮಾತ್ರ. ಆ ತಂದೆ ಚಪ್ಪಲಿಯ ಬಗ್ಗೆ ಹೇಳಿದ್ದು ಈ ಅಂಕಿಯಲ್ಲಿದೆ. ಅದರಲ್ಲಿ ನಮ್ಮ ಶಾಲೆಗಳೂ ಸೇರಿವೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಬಡವರನ್ನು ಸೇರಿಸಿಕೊಳ್ಳಲು ಅಡ್ಡಿ ಏನು ಎಂದು ಕೇಳಿದರೆ ಆಡಳಿತದವರು ಕೊಡುವ ಉತ್ತರ ಒಂದೇ. ನಮಗೇನೂ ಬೇಸರವಿಲ್ಲ, ಆದರೆ ಉಳಿದ ಪೋಷಕರು ಒಪ್ಪುವುದಿಲ್ಲ, ಶಾಲೆಯ ಮಟ್ಟ ಕುಸಿಯುತ್ತದೆ, ಒಬ್ಬರಿಗಾಗಿ ನೂರು ಮಂದಿಗೆ ತೊಂದರೆಯಾಗಬಾರದಲ್ಲ. ಈ ಉತ್ತರಕ್ಕೆ ಕನ್ನಡ ನಾಡಿನಲ್ಲಿ ನೂರ ಅರವತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಸೇರಲು ಹೋದ. ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಬರೆದ. ಆ ಕಾಲದಲ್ಲಿ ಆ ಧೈರ್ಯ ಅವನಿಗೆ ಎಲ್ಲಿಂದ ಬಂತು ಎಂದು ನಾವು ಬೆರಗಾಗುತ್ತೇವೆ. ಸರ್ಕಾರದ ಉತ್ತರ ವಿಚಿತ್ರವಾಗಿತ್ತು. ನ್ಯಾಯ ಹುಡುಗನ ಪರವಾಗಿದೆ ಎಂದು ಅದು ಒಪ್ಪಿಕೊಂಡಿತು. ಆದರೆ ಒಬ್ಬನ ಸಲುವಾಗಿ ಅವನನ್ನು ಒಳಗೆ ಬಿಟ್ಟರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ, ಬಹುಜನರಿಗೆ ಶಾಲೆಯೇ ಉಪಯೋಗಕ್ಕೆ ಬಾರದಂತಾಗುತ್ತದೆ ಎಂಬ ಅರ್ಥದ ಕಾರಣ ಕೊಟ್ಟು ಬಾಗಿಲು ಮುಚ್ಚಿತು. 1857ರಲ್ಲಿ ಭಾರತ ಸರ್ಕಾರ ಇದಕ್ಕೆ ಅಸಮ್ಮತಿ ತೋರಿಸಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಬರೆದರು. ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗದ ಮುಂದಿಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನು ನೆನಪಿಸಿದರು. ಕಾಗದದ ಮೇಲೆ ಬಾಗಿಲು ತೆರೆದು ಎಪ್ಪತ್ತು ವರ್ಷ ಕಳೆದಿದ್ದರೂ ಅದನ್ನು ಮತ್ತೆ ಹೇಳಬೇಕಾಗಿ ಬಂದಿತ್ತು.

ಬೊಂಬಾಯಿ ಸರ್ಕಾರದ ಅಧಿಕಾರಿಗಳು ದುಷ್ಟರಾಗಿರಲಿಲ್ಲ ಎಂಬುದನ್ನು ಇಲ್ಲಿ ನೋಡಬೇಕು. ಇನ್ನೊಬ್ಬರ ಪೂರ್ವಗ್ರಹಕ್ಕೆ ಅವರು ತಮ್ಮ ರುಜು ಹಾಕಿದರು, ಅಷ್ಟೇ. ಇಂದು ಶಾಲೆಯ ಆಫೀಸಿನಲ್ಲಿ ಕೂತಿರುವ ಸಿಸ್ಟರಾಗಲಿ, ನಮ್ಮ ಟ್ರಸ್ಟಿನ ಕಾರ್ಯದರ್ಶಿಯಾಗಲಿ ದುಷ್ಟರಲ್ಲ. ‘ಪೋಷಕರು ಒಪ್ಪುವುದಿಲ್ಲ’ ಎಂಬ ಮಾತಿನ ಹಿಂದೆ ಅವರೂ ಹಾಗೆಯೇ ಅಡಗಿ ನಿಲ್ಲುತ್ತಾರೆ.

ಕ್ಯಾಥೊಲಿಕ್ ಪ್ರೌಢಶಾಲೆಯ ಪ್ರವೇಶದ ನಿಯಮಗಳನ್ನೇ ನೇರವಾಗಿ ಪ್ರಶ್ನಿಸಿದ ಒಂದು ಪ್ರಕರಣ ಇಂಗ್ಲೆಂಡಿನದು. ಲಂಡನ್ ಒರೇಟರಿ ಹೆಸರಾದ ಕ್ಯಾಥೊಲಿಕ್ ಶಾಲೆ, ಹಣ ಸರ್ಕಾರದ್ದು. ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ತಮ್ಮ ಗಂಡುಮಕ್ಕಳನ್ನು ಕಳಿಸಿದ್ದು ಅಲ್ಲಿಗೇ. ಸೇರಬೇಕಾದರೆ ಹುಡುಗ ಕ್ಯಾಥೊಲಿಕ್ ಆಗಿದ್ದರೆ ಸಾಲದು, ಅವನ ಮನೆಯವರು ಚರ್ಚಿಗೆ ಸೇವೆ ಸಲ್ಲಿಸಿದ್ದಕ್ಕೂ ಮನ್ನಣೆ ಇತ್ತು. ಗಾನವೃಂದದಲ್ಲಿ ಹಾಡುವುದು, ಹೂ ಜೋಡಿಸುವುದು ಇತ್ಯಾದಿ. ಹೊರನೋಟಕ್ಕೆ ಭಕ್ತಿಯ ಮಾತು. ಆದರೆ ಎರಡು ಪಾಳಿ ದುಡಿಯುವ ತಾಯಿ ಹೂ ಜೋಡಿಸಲು ಯಾವಾಗ ಹೋಗಬೇಕು? ಬ್ರಿಟಿಷ್ ಹ್ಯೂಮನಿಸ್ಟ್ ಅಸೋಸಿಯೇಷನ್ ಎಂಬ ಧರ್ಮಾತೀತ ಸಂಸ್ಥೆ ಇದನ್ನು ಪ್ರಶ್ನಿಸಿತು. ಶಾಲಾ ಪ್ರವೇಶಗಳ ನ್ಯಾಯನಿರ್ಣಯಾಧಿಕಾರಿ 2014ರ ಜುಲೈಯಲ್ಲಿ ಶಾಲೆಯ ನಿಯಮಗಳು ಪ್ರವೇಶ ಸಂಹಿತೆಯನ್ನು ಹಲವು ಕಡೆ ಮುರಿದಿವೆ ಎಂದರು. ಶಾಲೆ ಹೈಕೋರ್ಟಿಗೆ ಹೋಯಿತು. 2015ರ ಏಪ್ರಿಲ್‌ನಲ್ಲಿ ಹೈಕೋರ್ಟು ಆ ನಿರ್ಣಯದ ಕೆಲವು ಮುಖ್ಯ ಭಾಗಗಳನ್ನು ರದ್ದು ಮಾಡಿತು, ಕೆಲವನ್ನು ಉಳಿಸಿತು. ಯಾರು ಗೆದ್ದರು ಎಂಬುದು ನಮಗೆ ಅಷ್ಟು ಮುಖ್ಯವಲ್ಲ. ಅಲ್ಲಿ ಪ್ರವೇಶದ ನಿಯಮ ಮುಂಚಿತವಾಗಿ ಅಚ್ಚಾಗಿರಬೇಕು, ಯಾರು ಬೇಕಾದರೂ ಅದನ್ನು ಓದಿ ಆಕ್ಷೇಪಿಸಬಹುದು, ಕೇಳಲು ಒಬ್ಬ ಅಧಿಕಾರಿ ಇದ್ದಾರೆ. ನಮ್ಮಲ್ಲಿ ನಿಯಮ ಪ್ರಿನ್ಸಿಪಾಲರ ಮನಸ್ಸಿನಲ್ಲಿರುತ್ತದೆ. ಮನಸ್ಸಿನಲ್ಲಿರುವುದನ್ನು ಓದುವುದು ಹೇಗೆ, ಆಕ್ಷೇಪಿಸುವುದು ಹೇಗೆ?

ಅದೇ ದೇಶದ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1998ರಲ್ಲಿ ಲಂಡನ್ನಿನ ಇಸ್ಲಾಮಿಯಾ ಪ್ರಾಥಮಿಕ ಶಾಲೆಗೆ ಸರ್ಕಾರದ ಅನುದಾನ ಸಿಕ್ಕಿತು. ಮುಸ್ಲಿಂ ಶಾಲೆಗೆ ಹಾಗೆ ಸಿಕ್ಕಿದ್ದು ಅದೇ ಮೊದಲು. ವರ್ಷಗಟ್ಟಲೆ ಅಲ್ಲಿನ ಮುಸ್ಲಿಮರು ಮುಂದಿಟ್ಟ ವಾದ ಸರಳವಾಗಿತ್ತು: ಕ್ಯಾಥೊಲಿಕರಿಗೆ, ಯೆಹೂದಿಗಳಿಗೆ ಇರುವುದು ನಮಗೇಕಿಲ್ಲ? ಹಕ್ಕು ಕೇಳುವಾಗ ಕ್ಯಾಥೊಲಿಕರ ಸಾಲಿನಲ್ಲಿ ನಿಂತವರು ಹೊಣೆ ಹೊರುವಾಗ ಬೇರೆ ಸಾಲಿಗೆ ಹೋಗಲು ಬರುವುದಿಲ್ಲ.

ಈಗ ಆ ಮೊದಲಿನ ಪ್ರಶ್ನೆ. ನಾವು ಪ್ರಶ್ನಿಸಬಹುದೇ? ಎರಡು ಅಡ್ಡಿಗಳನ್ನು ನಮ್ಮ ಹಿರಿಯರು ಮುಂದಿಡುತ್ತಾರೆ. ಒಂದು, ಉಪಕಾರ. ಮೈಸೂರು, ಮಂಗಳೂರು, ಬೆಂಗಳೂರುಗಳಲ್ಲಿ ನಮ್ಮ ಹೆಣ್ಣುಮಕ್ಕಳು ಮೊದಲು ಇಂಗ್ಲಿಷ್ ಕಲಿತದ್ದು ಬಹುಪಾಲು ಕ್ಯಾಥೊಲಿಕ್ ಸಿಸ್ಟರುಗಳ ಕೈಯಲ್ಲಿ. ಗಂಡುಮಕ್ಕಳ ಜೊತೆ ಕೂರಿಸಲು ಒಪ್ಪದ ಅಜ್ಜಂದಿರು ಸಿಸ್ಟರುಗಳ ಶಾಲೆ ಎಂದರೆ ಕಣ್ಣು ಮುಚ್ಚಿ ಕಳಿಸುತ್ತಿದ್ದರು. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆ ನಮಗೂ ಗೊತ್ತು. ಆದರೆ ಉಪಕಾರ ಮಾಡಿದವರ ಋಣ ತೀರಿಸಲು ಅವರ ಬಾಗಿಲಲ್ಲಿ ನಿಂತ ಬಡವನ ಕಡೆ ಬೆನ್ನು ತಿರುಗಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಅವರ ಧರ್ಮವಂತೂ ಖಂಡಿತ ಹೇಳುವುದಿಲ್ಲ. ಎರಡನೇ ವ್ಯಾಟಿಕನ್ ಸಮ್ಮೇಳನ 1965ರ ಅಕ್ಟೋಬರ್‌ನಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆ, ಬಡವರನ್ನು, ಮನೆಯ ಆಸರೆ ಇಲ್ಲದವರನ್ನು, ತಮ್ಮ ವಿಶ್ವಾಸಕ್ಕೆ ಸೇರದವರನ್ನು ಶಾಲೆಗಳು ವಿಶೇಷವಾಗಿ ಗಮನಿಸಬೇಕು ಎನ್ನುತ್ತದೆ. ನಾವು ಕೇಳುವುದು ಅವರದೇ ಮಾತನ್ನು. ಅದಕ್ಕೆ ನಮ್ಮ ಯಾವ ಗ್ರಂಥದ ಆಧಾರವೂ ಬೇಕಿಲ್ಲ.

ಎರಡನೆಯ ಅಡ್ಡಿ ಭಯ. ಅದು ಹೆಚ್ಚು ಗಟ್ಟಿಯಾದದ್ದು. 2024ರ ಫೆಬ್ರವರಿಯಲ್ಲಿ ಮಂಗಳೂರಿನ ಸಂತ ಜೆರೋಸಾ ಶಾಲೆಯ ಮುಂದೆ ನಡೆದದ್ದನ್ನು ನೋಡಿದವರಿಗೆ, ಕ್ರೈಸ್ತ ಶಾಲೆಯೊಂದರ ಮೇಲೆ ದೂರು ಎಂದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಅಳುಕು ಬಾರದೆ ಇರದು. 2022ರಲ್ಲಿ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತದ್ದನ್ನೂ ನಾವೇ ಕಂಡೆವು. ಇಬ್ಬರ ಮನೆಗೂ ಕಲ್ಲು ಬೀಳುವಾಗ ನೆರೆಮನೆಯವನ ಮೇಲೆ ನಾವು ದೂರು ಕೊಡುವುದೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವರು ಈ ರಾಜ್ಯದಲ್ಲಿ ಬದುಕಿಲ್ಲ ಎನ್ನಬೇಕು. ಆದರೆ ಭಯದಿಂದ ಹುಟ್ಟುವ ಮೌನದ ಬೆಲೆ ಯಾರು ಕೊಡುತ್ತಾರೆ? ನಾವು ಲೇಖಕರಲ್ಲ, ಅವರು ಫಾದರುಗಳಲ್ಲ. ಬೆಂಚಿನ ಮೇಲೆ ಕೂತ ಆ ಇಬ್ಬರು ಕೊಡುತ್ತಾರೆ. ಅವರ ಅಸಮಾಧಾನವನ್ನು ನಾವು ಕೈಗೆತ್ತಿಕೊಳ್ಳದಿದ್ದರೆ ಎತ್ತಿಕೊಳ್ಳಲು ಬೇರೆಯವರು ಕಾದಿದ್ದಾರೆ. ಅವರಿಗೆ ಬೇಕಾಗಿರುವುದು ಸೀಟಲ್ಲ, ಶಾಲೆಯ ಬಾಗಿಲಿಗೆ ಬೀಗ.

ಹಾಗಾಗಿ ಪ್ರಶ್ನಿಸುವ ಬಗೆ ಮುಖ್ಯವಾಗುತ್ತದೆ. ಮೊದಲು ಶಾಲೆಗೆ ಹೋಗಿ ಮಾತಾಡಬೇಕು. ಆ ಅಡುಗೆಯ ಅಮ್ಮನನ್ನೂ ಕರೆದುಕೊಂಡು ಹೋಗಬೇಕು, ಆಕೆ ಬಂದರೆ ಅದು ಮುಸ್ಲಿಮರ ದೂರಾಗಿ ಉಳಿಯುವುದಿಲ್ಲ. ಆಮೇಲೆ ಧರ್ಮಪ್ರಾಂತದ ಶಿಕ್ಷಣ ಮಂಡಳಿಗೆ ಪತ್ರ. ಅಲ್ಲೂ ಆಗದಿದ್ದರೆ ಬಿ.ಇ.ಒ. ಆಫೀಸು ಇದೆ, ಡೊನೇಷನ್ನಿನ ವಿಚಾರವಾದರೆ ಕರ್ನಾಟಕದ್ದೇ 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ಇದೆ. ಮೆರವಣಿಗೆ, ಘೋಷಣೆ, ಟಿ.ವಿ. ಕ್ಯಾಮೆರಾ ಬೇಡ. ಕೇಳಬೇಕಾದದ್ದು ಬಹಳ ದೊಡ್ಡದೇನೂ ಅಲ್ಲ. ಪ್ರವೇಶದ ನಿಯಮಗಳನ್ನು ಕನ್ನಡದಲ್ಲಿ ಬರೆದು ಗೇಟಿನ ಬಳಿ ಹಾಕಿ. ನಿಮ್ಮ ಸಮುದಾಯಕ್ಕೆ ಎಷ್ಟು ಸೀಟು, ಬಡವರಿಗೆ ಎಷ್ಟು ಎಂದು ಅದರಲ್ಲಿರಲಿ. ತಂದೆತಾಯಿಯ ಓದು, ಭಾಷೆ, ಸಂಬಳ ಕೇಳುವ ಕಲಮುಗಳನ್ನು ಅರ್ಜಿಯಿಂದ ತೆಗೆಯಿರಿ. ಇಲ್ಲ ಎನ್ನುವುದಾದರೆ ಕಾರಣ ಬರೆದು ಕೊಡಿ.

ಕುರ್‌ಆನಿನಲ್ಲಿ ‘ಅಬಸ’ ಎಂಬ ಅಧ್ಯಾಯ ಇದೆ. ಪ್ರವಾದಿ ಮುಹಮ್ಮದ್(ಸ) ಕುರೈಷರ ಮುಖಂಡರೊಂದಿಗೆ ಮಾತಿನಲ್ಲಿದ್ದಾಗ ಅಬ್ದುಲ್ಲಾ ಇಬ್ನ್ ಉಮ್ಮ್ ಮಕ್ತೂಮ್ ಎಂಬ ಕುರುಡರು ಕಲಿಯಬೇಕೆಂಬ ಆಸೆಯಿಂದ ನಡುವೆ ಬಂದರು. ಪ್ರವಾದಿಯವರ ಮುಖ ಗಂಟಿಕ್ಕಿತು. ಆ ಮುಖಂಡರು ಒಲಿದರೆ ಎಷ್ಟೋ ಜನಕ್ಕೆ ಒಳಿತಾಗುತ್ತದೆ ಎಂಬ ಸದುದ್ದೇಶವೇ ಅವರದ್ದು. ಆದರೂ ಅಲ್ಲಾಹನ ಆಕ್ಷೇಪಣೆ ಇಳಿದು ಬಂತು. ಕಲಿಯಲು ಓಡಿ ಬಂದವನನ್ನು ಬಿಟ್ಟು, ಬೇಡ ಎನ್ನುವ ಶ್ರೀಮಂತನ ಹಿಂದೆ ಹೋಗುವುದು ಸಲ್ಲದು ಎಂಬುದು ಅದರ ತಿರುಳು. ಮೌಲ್ವಿ ಸಾಹೇಬರು ಇದನ್ನು ವಿನಯದ ಪಾಠವೆಂದು ಹೇಳಿಕೊಡುತ್ತಾರೆ. ನಾವು ಅದನ್ನು ಶಾಲಾ ಪ್ರವೇಶದ ಪಾಠವಾಗಿಯೂ ಓದುತ್ತೇವೆ. ಇನ್ನೆರಡು ಅಧ್ಯಾಯ ದಾಟಿದರೆ ‘ಅಲ್ ಮುತಫ್ಫಿಫೀನ್’ ಬರುತ್ತದೆ. ಜನರಿಂದ ಅಳೆದುಕೊಳ್ಳುವಾಗ ತುಂಬ ಅಳೆದುಕೊಂಡು, ಅವರಿಗೆ ಅಳೆದು ಕೊಡುವಾಗ ಕಡಿಮೆ ಕೊಡುವವರ ಬಗ್ಗೆ. ನಮ್ಮ ಸಂತೆಯಲ್ಲೂ ಅಂಥ ವ್ಯಾಪಾರಿಗಳಿದ್ದರು, ಕೊಳ್ಳಲು ಒಂದು ಸೇರು, ಕೊಡಲು ಇನ್ನೊಂದು ಸೇರು.

ಈ ಎರಡು ಸೇರುಗಳನ್ನು ನಮ್ಮ ಶಾಲೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲವೇ? 1966ರಲ್ಲಿ ಡಾ. ಮುಮ್ತಾಜ್ ಅಹಮದ್ ಖಾನ್ ಬೆಂಗಳೂರಿನಲ್ಲಿ ಅಲ್ ಅಮೀನ್ ಶುರು ಮಾಡಿದಾಗ ಎಲ್ಲ ಧರ್ಮದ ಮಕ್ಕಳಿಗೂ ಜಾಗ ಇಟ್ಟಿದ್ದರು. ಆ ಪರಂಪರೆಯ ಬಗ್ಗೆ ನಮಗೆ ಹೆಮ್ಮೆ ಇದೆ. ಆದರೆ ಇಂದು ಊರೂರಿನಲ್ಲಿ ನಮ್ಮ ಟ್ರಸ್ಟುಗಳು ನಡೆಸುವ ಇಂಗ್ಲಿಷ್ ಶಾಲೆಗಳ ಅರ್ಜಿ ತೆಗೆದು ನೋಡಿ. ತಂದೆಯ ವರಮಾನ, ತಾಯಿಯ ಓದು, ಅದೇ ಕಲಮುಗಳು. ಪಿಂಜಾರರ ಕೇರಿಯ ಮಗು, ಹಮಾಲಿಯ ಮಗು ಸರ್ಕಾರಿ ಉರ್ದು ಶಾಲೆಗೆ, ವ್ಯಾಪಾರಿಯ ಮಗು ನಮ್ಮ ಇಂಗ್ಲಿಷ್ ಶಾಲೆಗೆ. ಪಕ್ಕದ ಕೇರಿಯ ದಲಿತ ಮಗು ಬಂದರೆ ‘ಇದು ಮುಸ್ಲಿಂ ಶಾಲೆ’ ಎಂಬ ಉತ್ತರ ಸಿದ್ಧವಿರುತ್ತದೆ. ಅದೇ ಟ್ರಸ್ಟಿನ ಸದಸ್ಯರು ಸಂಜೆ ಟೀ ಅಂಗಡಿಯಲ್ಲಿ ಕಾನ್ವೆಂಟಿನ ಅನ್ಯಾಯದ ಬಗ್ಗೆ ಮಾತಾಡುತ್ತಾರೆ. ಅಲ್ಪಸಂಖ್ಯಾತ ಸ್ಥಾನಮಾನಕ್ಕೆ ಆ ಸಮುದಾಯದ ಮಕ್ಕಳು ಇಂತಿಷ್ಟು ಇರಲೇಬೇಕು ಎಂಬ ಷರತ್ತನ್ನು ರಾಜ್ಯ ಸಚಿವ ಸಂಪುಟ 2024ರಲ್ಲಿ ಕೈಬಿಟ್ಟಿತು. ಈಗ ಸಮುದಾಯದ ಬಡವರನ್ನು ಸೇರಿಸಿಕೊಳ್ಳದೆಯೂ ಸಮುದಾಯದ ಶಾಲೆ ಎನಿಸಿಕೊಳ್ಳುವ ದಾರಿ ಇನ್ನಷ್ಟು ಸಲೀಸಾಗಿದೆ, ಅವರಿಗೂ, ನಮಗೂ. ನಮ್ಮ ವಿರುದ್ಧವೇ, ನಮ್ಮ ಬಂಧುಗಳ ವಿರುದ್ಧವೇ ಆದರೂ ನ್ಯಾಯಕ್ಕೆ ಸಾಕ್ಷಿ ನಿಲ್ಲಬೇಕು ಎಂಬ ಆದೇಶ ‘ಅನ್ನಿಸಾ’ ಅಧ್ಯಾಯದಲ್ಲಿದೆ. ಮಿಂಬರಿನ ಮೇಲಿಂದ ಅದನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ.

ಆ ಲೋಡಿಂಗ್ ಕೆಲಸದ ತಂದೆಯ ವಿಚಾರ ನಮ್ಮ ಕೆಲವು ಗೆಳೆಯರ ಮುಂದೆ ಬಂದಾಗ ಕ್ಯಾಥೊಲಿಕ್ ಶಾಲೆಗೆ ಒಂದು ಪತ್ರ ಬರೆಯುವುದೆಂದಾಯಿತು. ಮೇಲೆ ಹೇಳಿದ ಬೇಡಿಕೆಗಳೇ ಅದರಲ್ಲಿ. ನಾವು ಒಂದು ಸಾಲು ಸೇರಿಸೋಣ ಎಂದೆವು: ಇದೇ ನಿಯಮಗಳ ಹಲಗೆಯನ್ನು ಈ ವರ್ಷದಿಂದ ನಮ್ಮ ಟ್ರಸ್ಟಿನ ಶಾಲೆಯ ಗೇಟಿನಲ್ಲೂ ಹಾಕುತ್ತೇವೆ. ಪತ್ರಕ್ಕೆ ರುಜು ಹಾಕಲು ಬಂದಿದ್ದವರಲ್ಲಿ ಒಬ್ಬರು, ಟ್ರಸ್ಟಿನ ಹಳೆಯ ಸದಸ್ಯರು, ಪೆನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದರು. “ಇದೊಂದು ಸದ್ಯಕ್ಕೆ ಬೇಡ ಜನಾಬ್. ಮೊದಲು ಅವರು ಹಾಕಲಿ, ಆಮೇಲೆ ನಮ್ಮದು ನೋಡೋಣ” ಎಂದರು. ಪತ್ರ ಇನ್ನೂ ಹೋಗಿಲ್ಲ. ಹುಡುಗಿ ಈಗ ನಂಜನಗೂಡಿನ ಸರ್ಕಾರಿ ಪ್ರೌಢಶಾಲೆಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಾಳೆ.